ಥ್ರೂಪುಟ್: ಯಾವ ಬಾಗಿಲು, ಎಷ್ಟು ಹೊತ್ತು?

ಪ್ರಶ್ನೆ: ಒಂದು ಕಾರ್ಖಾನೆಯ ವರದಿಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸ ನನ್ನದು. ಅದರಲ್ಲಿ 'ಥ್ರೂಪುಟ್' ಎಂಬ ಪದ ಪುಟಕ್ಕೆ ನಾಲ್ಕು ಸಲ ಬರುತ್ತದೆ. ಎಲ್ಲ ಕಡೆ 'ಉತ್ಪಾದನೆ' ಎಂದೇ ಹಾಕುತ್ತಿದ್ದೆ. ಮೊನ್ನೆ ಕಂಪ್ಯೂಟರ್ ವಿಭಾಗದವರು ಬರೆದ ಪುಟದಲ್ಲಿ ನೆಟ್‌ವರ್ಕಿಗೂ ಅದೇ ಪದ ಬಂತು. ಅಲ್ಲಿ 'ಉತ್ಪಾದನೆ' ಕೂರುವುದೇ ಇಲ್ಲ. ಇದು ಔಟ್‌ಪುಟ್‌ಗೆ ಇನ್ನೊಂದು ಹೆಸರೇ? 'ವೇಗ' ಎಂದರೆ ನಡೆಯುತ್ತದೆಯೇ? ಇದನ್ನು ಕ್ರಿಯಾಪದವಾಗಿ ಬಳಸಬಹುದೇ? 'ಇನ್‌ಕ್ರೀಸ್ ದಿ ಥ್ರೂಪುಟ್ ಆಫ್ ಲೈನ್ 2 ಬೈ 10 ಪರ್ಸೆಂಟ್' ಎಂಬ ವಾಕ್ಯವನ್ನು ಕನ್ನಡದಲ್ಲಿ ಹೇಗೆ ಬರೆಯಲಿ?

ಉತ್ತರ: 'ಉತ್ಪಾದನೆ' ಎಂದು ಹಾಕಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಕಾರ್ಖಾನೆಯ ವರದಿಯಲ್ಲಿ ಅದು ಅರ್ಧ ಸರಿ. ಉಳಿದರ್ಧ ಎಲ್ಲಿ ಜಾರಿತು ಎಂದು ನೋಡೋಣ.

ಪದದ ಕಟ್ಟು ಸರಳ. 'ಥ್ರೂ' ಎಂದರೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುವುದು. 'ಪುಟ್' ಎಂದರೆ ಹಾಕುವುದು. ಇನ್‌ಪುಟ್ ಒಳಗೆ ಹಾಕಿದ್ದು. ಔಟ್‌ಪುಟ್ ಹೊರಗೆ ಬಂದಿದ್ದು. ಥ್ರೂಪುಟ್ ಹಾದುಹೋಗಿದ್ದು. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಅದು ಗಡಿಯಾರ. ಬಾಗಿಲಲ್ಲಿ ಒಬ್ಬ ಗಡಿಯಾರ ಹಿಡಿದು ನಿಂತಿದ್ದಾನೆ ಎಂದುಕೊಳ್ಳಿ. ಹಾದುಹೋಗುವ ಪ್ರತಿಯೊಂದನ್ನೂ ಎಣಿಸುತ್ತಾನೆ. ಗಂಟೆ ಹೊಡೆದಾಗ ಲೆಕ್ಕ ಒಪ್ಪಿಸುತ್ತಾನೆ. ಆ ಲೆಕ್ಕವೇ ಥ್ರೂಪುಟ್. ಈ ಪದ ಕಂಡಾಗಲೆಲ್ಲ ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಯಾವ ಬಾಗಿಲಲ್ಲಿ ಎಣಿಸಿದರು? ಎಷ್ಟು ಹೊತ್ತು ಎಣಿಸಿದರು? ಇವೆರಡಕ್ಕೆ ಉತ್ತರ ಸಿಕ್ಕರೆ ಅನುವಾದ ತಾನಾಗಿ ಬರುತ್ತದೆ.

ಪತ್ರಿಕೆ ಓದುವವರಿಗೆ ಈ ಲೆಕ್ಕ ಹೊಸದೇನಲ್ಲ. ಮಳೆಗಾಲದಲ್ಲಿ ಜಲಾಶಯದ ಸುದ್ದಿ ಬಂದಾಗ ಎರಡು ಬೇರೆ ಬೇರೆ ಅಳತೆ ಕಾಣುತ್ತವೆ. ಇಷ್ಟು ಟಿಎಂಸಿ ನೀರಿದೆ ಎಂದರೆ ನಿಂತ ನೀರಿನ ಲೆಕ್ಕ. ನೂರು ಕೋಟಿ ಘನ ಅಡಿ ನೀರಿದ್ದರೆ ಒಂದು ಟಿಎಂಸಿ. ಇಷ್ಟು ಕ್ಯೂಸೆಕ್ ಹೊರಹರಿವು ಎಂದರೆ ಹರಿಯುವ ನೀರಿನ ಲೆಕ್ಕ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್. ಸುಮಾರು 11,574 ಕ್ಯೂಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ ಆಗುತ್ತದೆ. ಇದರಲ್ಲಿ ಥ್ರೂಪುಟ್ ಕ್ಯೂಸೆಕ್ಕಿನ ಜಾತಿಗೆ ಸೇರಿದ್ದು. ಔಟ್‌ಪುಟ್ ಟಿಎಂಸಿಯ ಹಾಗೂ ಇರಬಹುದು, ಕ್ಯೂಸೆಕ್ಕಿನ ಹಾಗೂ ಇರಬಹುದು. 'ಈ ಲೈನಿನ ಔಟ್‌ಪುಟ್ 5,000 ಪೆಟ್ಟಿಗೆ' ಎಂದರೆ ವಾಕ್ಯ ನಿಲ್ಲುತ್ತದೆ. 'ಥ್ರೂಪುಟ್ 5,000 ಪೆಟ್ಟಿಗೆ' ಎಂದರೆ ಓದುವವರು 'ಗಂಟೆಗಾ, ದಿನಕ್ಕಾ?' ಎಂದು ಕೇಳುತ್ತಾರೆ. ಕೇಳಲೇಬೇಕು.

ಪದಕ್ಕೆ ಒಂದು ಹಳೆಯ ನಂಟೂ ಇದೆ. 19ನೇ ಶತಮಾನದ ಆರಂಭದಲ್ಲೇ ಸ್ಕಾಟ್ ನುಡಿಯಲ್ಲಿ ಇಂಥದ್ದೇ ಪದವೊಂದಿತ್ತು. ಕೆಲಸದಲ್ಲಿನ ಚುರುಕು, ಹಿಡಿದ ಕೆಲಸ ಮುಗಿಸುವ ಕಸುವು ಎಂಬ ಅರ್ಥ ಅದಕ್ಕೆ. ಕೈಗಾರಿಕೆಯ ಅರ್ಥ ಬಂದದ್ದು ಆಮೇಲೆ, 20ನೇ ಶತಮಾನದಲ್ಲಿ. ಕಂಪ್ಯೂಟರಿನವರು ಅದನ್ನು ಎತ್ತಿಕೊಂಡದ್ದು ಇನ್ನೂ ತಡವಾಗಿ. ಆ ಹಳೆಯ ಅರ್ಥ ಇವತ್ತಿಗೂ ಪೂರ್ತಿ ಸತ್ತಿಲ್ಲ ಎಂದು ನನಗನ್ನಿಸುತ್ತದೆ. ಕೆಲಸ ಶುರು ಮಾಡುವವರು ಬಹಳ ಜನ, ಮುಗಿಸುವವರು ಕಡಿಮೆ, ಅಲ್ವಾ? ಥ್ರೂಪುಟ್ ಮುಗಿದ ಕೆಲಸವನ್ನೇ ಎಣಿಸುವ ಪದ.

ಈಗ ಹತ್ತಿರದಿಂದ ಒಂದನ್ನು ನೋಡೋಣ. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಒಂದು ಕೋಣೆ. ಮೂರು ಮೇಜು. ಮೊದಲ ಮೇಜಿನಲ್ಲಿ ಒಬ್ಬರು ಪಿನ್ನು ಕಿತ್ತು, ಮಡಚಿದ ಮೂಲೆ ಬಿಡಿಸಿ, ಹಾಳೆ ಜೋಡಿಸುತ್ತಾರೆ. ಗಂಟೆಗೆ 900 ಹಾಳೆ. ಎರಡನೇ ಮೇಜಿನಲ್ಲಿ ಸ್ಕ್ಯಾನರ್. ಅದು ಗಂಟೆಗೆ 2,400 ಹಾಳೆ ನುಂಗುತ್ತದೆ. ಮೂರನೇ ಮೇಜಿನಲ್ಲಿ ಒಬ್ಬರು ಪರದೆಯ ಮೇಲೆ ಪ್ರತಿ ಪುಟ ನೋಡಿ, ಸರಿಯಿದ್ದರೆ ಒಪ್ಪುತ್ತಾರೆ. ಗಂಟೆಗೆ 600.

ಈ ಕೋಣೆಯ ಥ್ರೂಪುಟ್ ಎಷ್ಟು? ಗಂಟೆಗೆ 600. ಸ್ಕ್ಯಾನರಿನ ಡಬ್ಬಿಯ ಮೇಲೆ 2,400 ಎಂದು ದೊಡ್ಡದಾಗಿ ಬರೆದಿರಬಹುದು. ಅದು ಸ್ಕ್ಯಾನರಿನ ಸಾಮರ್ಥ್ಯ, ಕೋಣೆಯದ್ದಲ್ಲ. ನಾಳೆ ಇನ್ನೂ ಚುರುಕಾದ ಸ್ಕ್ಯಾನರ್ ತಂದರೂ ಕೊನೆಯ ಬಾಗಿಲಲ್ಲಿ ನಿಂತವನ ಲೆಕ್ಕ 600ರಿಂದ ಮೇಲೇಳುವುದಿಲ್ಲ. ಪಿನ್ನು ಕೀಳುವವರು ಎಷ್ಟು ಕೈ ಚುರುಕು ಮಾಡಿದರೂ ಅಷ್ಟೇ. ಬಾಟಲಿಯ ಹಾಗೆ ಎಲ್ಲಿ ಕುತ್ತಿಗೆ ಸಣ್ಣದೋ ಅಲ್ಲಿ ಸರಿ ಮಾಡಬೇಕು. ಪರೀಕ್ಷೆಗೆ ಇನ್ನೊಬ್ಬರನ್ನು ಕೂರಿಸಿದರೆ ಆ ಮೇಜು 1,200ಕ್ಕೆ ಏರುತ್ತದೆ. ಕೋಣೆ ಮಾತ್ರ 900ಕ್ಕೆ ನಿಲ್ಲುತ್ತದೆ. ಯಾಕೆಂದರೆ ಈಗ ಕುತ್ತಿಗೆ ಮೊದಲ ಮೇಜಿಗೆ ಹೋಯಿತು.

ಇದೇ ಕೋಣೆ ಇನ್ನೊಂದು ಗೊಂದಲವನ್ನೂ ಬಿಡಿಸುತ್ತದೆ. ಥ್ರೂಪುಟ್ ಬೇರೆ, ಒಂದು ಹಾಳೆಗೆ ಹಿಡಿಯುವ ಹೊತ್ತು ಬೇರೆ. ಆ ಹೊತ್ತಿಗೆ ನೆಟ್‌ವರ್ಕಿನವರು 'ಲೇಟೆನ್ಸಿ' ಎನ್ನುತ್ತಾರೆ, ಕಾರ್ಖಾನೆಯವರು 'ಲೀಡ್ ಟೈಮ್' ಎನ್ನುತ್ತಾರೆ. ಮೊದಲ ಮೇಜಿನಿಂದ ಗಂಟೆಗೆ 900 ಹಾಳೆ ಬರುತ್ತವೆ, ಕೊನೆಯ ಮೇಜಿನಿಂದ 600 ಹೋಗುತ್ತವೆ. ಗಂಟೆಗೆ 300 ಹಾಳೆ ರಾಶಿ ಬೀಳುತ್ತದೆ. ನಾಲ್ಕು ಗಂಟೆ ಕಳೆದರೆ ಪರೀಕ್ಷೆಯ ಮೇಜಿನ ಮುಂದೆ 1,200 ಹಾಳೆ. ಆಗ ಬಂದ ಹೊಸ ಹಾಳೆ ತನ್ನ ಸರದಿಗೆ ಎರಡು ಗಂಟೆ ಕಾಯಬೇಕು. ಬೆಳಗ್ಗೆ ಬಂದ ಹಾಳೆ ನಿಮಿಷಗಳಲ್ಲಿ ಹೊರಬಿದ್ದಿತ್ತು. ಥ್ರೂಪುಟ್ ಮಾತ್ರ ಬೆಳಗ್ಗೆಯೂ 600, ಮಧ್ಯಾಹ್ನವೂ 600. ಆದ್ದರಿಂದಲೇ 'ವೇಗ' ಎಂಬ ಅನುವಾದ ಅಪಾಯದ್ದು. ವೇಗ ಎಂದರೆ ನಮ್ಮ ಮನಸ್ಸಿಗೆ ಬರುವುದು ಒಂದು ವಸ್ತು ಎಷ್ಟು ಬೇಗ ತಲುಪಿತು ಎಂಬುದು.

ಈ ನಂಟಿಗೆ ಒಂದು ಸೂತ್ರವೇ ಇದೆ. ಒಳಗೆ ಸರಾಸರಿ ಎಷ್ಟು ಇವೆಯೋ ಅದು, ಗಂಟೆಗೆ ಹಾದುಹೋಗುವ ಸಂಖ್ಯೆಯನ್ನು ಒಂದಕ್ಕೆ ಹಿಡಿಯುವ ಸರಾಸರಿ ಹೊತ್ತಿನಿಂದ ಗುಣಿಸಿದಷ್ಟು. ಇದನ್ನು ಜಾನ್ ಲಿಟಲ್ ಎಂಬ ಅಮೆರಿಕದ ವಿದ್ವಾಂಸರು 1961ರಲ್ಲಿ ಗಣಿತದ ಮೂಲಕ ಸಾಧಿಸಿ ತೋರಿಸಿದರು. ಹಾಗಾಗಿ 'ಲಿಟಲ್ಸ್ ಲಾ' ಎಂದೇ ಹೆಸರು. ರಾಶಿ ಬೆಳೆಯುತ್ತಲೇ ಇದ್ದರೆ ಸೂತ್ರ ನೇರವಾಗಿ ಹೊಂದುವುದಿಲ್ಲ. ಹೋಗುವುದು, ಬರುವುದು ಸರಿದೂಗಿದಾಗ ಹೊಂದುತ್ತದೆ. ಗಂಟೆಗೆ 12 ಜನ ಬಂದು ಹೋಗುವ ಕೌಂಟರಿನಲ್ಲಿ ಪ್ರತಿಯೊಬ್ಬರಿಗೂ ಅರ್ಧ ಗಂಟೆ ಹಿಡಿದರೆ, ಯಾವಾಗ ಇಣುಕಿದರೂ ಸರಾಸರಿ 6 ಜನ ಕಾಣುತ್ತಾರೆ. ವರದಿಯಲ್ಲಿ ಈ ಮೂರರಲ್ಲಿ ಎರಡು ಸಂಖ್ಯೆ ಕೊಟ್ಟಿದ್ದರೆ ಮೂರನೆಯದನ್ನು ನೀವೇ ತಾಳೆ ನೋಡಬಹುದು. ಅನುವಾದಕರಿಗೆ ಇದು ಒಳ್ಳೆಯ ಅಭ್ಯಾಸ. ಮೂಲದಲ್ಲೇ ತಪ್ಪಿದ್ದರೆ ಸಿಕ್ಕಿಬೀಳುತ್ತದೆ.

ಈಗ ನಿಮ್ಮ ಕಂಪ್ಯೂಟರ್ ವಿಭಾಗದ ಪುಟಕ್ಕೆ ಬರೋಣ. ಅಲ್ಲಿ ಥ್ರೂಪುಟ್ ಪಕ್ಕದಲ್ಲೇ 'ಬ್ಯಾಂಡ್‌ವಿಡ್ತ್' ಕೂಡ ಇರುತ್ತದೆ. ಬ್ಯಾಂಡ್‌ವಿಡ್ತ್ ಎಂದರೆ ದಾರಿಯ ಅಗಲ, ಅಂದರೆ ಜಾಸ್ತಿ ಎಂದರೆ ಎಷ್ಟು ಹೋಗಬಹುದು ಎಂಬುದು. ಥ್ರೂಪುಟ್ ನಿಜಕ್ಕೂ ಎಷ್ಟು ಹೋಯಿತು ಎಂಬುದು. 'ಹೋಗಬಹುದು', 'ಹೋಯಿತು', ಇಷ್ಟೇ ವ್ಯತ್ಯಾಸ. ದಾರಿ ಖಾಲಿಯಿದ್ದರೂ ಅಗಲ ಅಷ್ಟೇ ಇರುತ್ತದೆ. ಥ್ರೂಪುಟ್ ಸೊನ್ನೆ.

ಸೆಕೆಂಡಿಗೆ 100 ಮೆಗಾಬಿಟ್ ಎಂದು ಹೇಳುವ ಒಂದು ಈಥರ್‌ನೆಟ್ ವೈರು ತೆಗೆದುಕೊಳ್ಳಿ. ಫೈಲನ್ನು ತುಂಡು ತುಂಡು ಮಾಡಿ ಕಳುಹಿಸಬೇಕು. ಸಾಮಾನ್ಯವಾಗಿ ಒಂದು ತುಂಡಿನಲ್ಲಿ ನಿಮ್ಮ ಫೈಲಿನದ್ದು ಎಂದು ಹೋಗುವುದು 1,460 ಬೈಟ್. ಅದಕ್ಕೆ ವಿಳಾಸ, ಕ್ರಮಸಂಖ್ಯೆ ಬರೆದ ಎರಡು ಹೊದಿಕೆ ಸೇರಿ 40 ಬೈಟ್. ಒಟ್ಟು 1,500. ವೈರಿನ ಮೇಲೆ ಹೊರಡುವಾಗ ಮತ್ತೆ 38 ಬೈಟಿನಷ್ಟು ಜಾಗ ಬೇಕು. ಎರಡು ತುಂಡುಗಳ ನಡುವೆ ಬಿಡಬೇಕಾದ ಖಾಲಿ ಜಾಗವೂ ಅದರಲ್ಲೇ ಸೇರಿದೆ. ಕೊನೆಗೆ 1,538 ಬೈಟಿನ ಜಾಗದಲ್ಲಿ 1,460 ಬೈಟ್ ನಿಮ್ಮದು. ಲೆಕ್ಕ ಹಾಕಿದರೆ 100ಕ್ಕೆ ಸುಮಾರು 94.9 ಮೆಗಾಬಿಟ್. ಎಂಟು ಬಿಟ್‌ಗೆ ಒಂದು ಬೈಟ್, ಹಾಗಾಗಿ 8ರಿಂದ ಭಾಗಿಸಿ. ಸೆಕೆಂಡಿಗೆ 11.9 ಮೆಗಾಬೈಟ್ ಕೂಡ ಬರುವುದಿಲ್ಲ. ಯಾರೂ ಮೋಸ ಮಾಡಿಲ್ಲ. ಎಲ್ಲ ಸರಿಯಿದ್ದಾಗಲೇ ಇಷ್ಟು.

ಇಲ್ಲಿ ಬಾಗಿಲಿನ ಪ್ರಶ್ನೆ ಮತ್ತೆ ಬರುತ್ತದೆ. ಹೊದಿಕೆ ಬಿಚ್ಚುವ ಮೊದಲು ನಿಂತು ಎಣಿಸಿದವನಿಗೆ 1,500 ಸಿಗುತ್ತದೆ. ಅವನ ಲೆಕ್ಕ 97.5 ಮೆಗಾಬಿಟ್. ಬಿಚ್ಚಿದ ಮೇಲೆ ಎಣಿಸಿದವನದ್ದು 94.9. ಇಬ್ಬರೂ ತಮ್ಮದನ್ನು ಥ್ರೂಪುಟ್ ಎಂದೇ ಕರೆಯಬಹುದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಈ ರಗಳೆಯೇ ಬೇಡವೆಂದು ನೆಟ್‌ವರ್ಕಿನವರು 'ಗುಡ್‌ಪುಟ್' ಎಂಬ ಪದ ಮಾಡಿಕೊಂಡಿದ್ದಾರೆ. ಬಳಸುವವರ ಕೈಗೆ ನಿಜಕ್ಕೂ ಸೇರಿದ, ಕೆಲಸಕ್ಕೆ ಬರುವ ಡೇಟಾ ಮಾತ್ರ ಅದರಲ್ಲಿ ಲೆಕ್ಕ. ದಾರಿಯಲ್ಲಿ ಕಳೆದುಹೋಗಿ ಎರಡನೇ ಸಲ ಕಳುಹಿಸಿದ ತುಂಡು ಅದರಲ್ಲಿ ಎರಡು ಸಲ ಸೇರುವುದಿಲ್ಲ. ಪದ ಸ್ವಲ್ಪ ತಮಾಷೆಯಾಗಿದೆ, ಆದರೆ ಉಪಯುಕ್ತ.

ದೂರವೂ ಥ್ರೂಪುಟ್ ಅನ್ನು ಕಡಿಮೆ ಮಾಡಬಹುದು ಎಂದರೆ ಕೆಲವರು ನಂಬುವುದಿಲ್ಲ. ಇಂಟರ್ನೆಟ್ಟಿನಲ್ಲಿ ಡೇಟಾ ಸಾಗಿಸುವ ಟಿಸಿಪಿಯ ಮೂಲ ನಿಯಮದ ಪ್ರಕಾರ, ಉತ್ತರ ಬರುವ ಮೊದಲು ಜಾಸ್ತಿ ಎಂದರೆ 65,535 ಬೈಟ್ ಕಳುಹಿಸಬಹುದಿತ್ತು. ಆಮೇಲೆ 'ತಲುಪಿತು' ಎಂಬ ಉತ್ತರಕ್ಕೆ ಸುಮ್ನೆ ಕಾಯಬೇಕು. ಹೋಗಿ ಬರಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕೆನ್ನಿ. ಸೆಕೆಂಡಿಗೆ ಹತ್ತು ಸಲ ಮಾತ್ರ ಕಳುಹಿಸಲು ಸಾಧ್ಯ. ಅಲ್ಲಿಗೆ ಸೆಕೆಂಡಿಗೆ ಸುಮಾರು 5.2 ಮೆಗಾಬಿಟ್. ದಾರಿ 1,000 ಮೆಗಾಬಿಟ್‌ನದ್ದೇ ಇರಲಿ, ಹೋಗುವುದು ಅಷ್ಟೇ. 1992ರಲ್ಲಿ ಬಂದ ಆರ್‌ಎಫ್‌ಸಿ 1323 ಎಂಬ ದಾಖಲೆ ಆ ಮಿತಿಯನ್ನು ಬಹಳ ಮೇಲಕ್ಕೆ ಏರಿಸುವ ದಾರಿ ತೋರಿಸಿತು.

ಉಲ್ಟಾ ಉದಾಹರಣೆಯೂ ಇದೆ. 2 ಟೆರಾಬೈಟಿನ ಹಾರ್ಡ್ ಡಿಸ್ಕನ್ನು ಚೀಲದಲ್ಲಿ ಹಾಕಿಕೊಂಡು ಐದು ಗಂಟೆ ಬಸ್ಸಿನಲ್ಲಿ ಹೋದರೆ, ಸೆಕೆಂಡಿಗೆ ಸುಮಾರು 889 ಮೆಗಾಬಿಟ್ ಥ್ರೂಪುಟ್! ಡಿಸ್ಕಿಗೆ ತುಂಬುವ ಹೊತ್ತನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಆದರೆ 'ಊಟ ಆಯ್ತಾ' ಎಂದು ಕೇಳಿ ಉತ್ತರ ತರಿಸಲು ಇದೇ ಬಸ್ಸಿಗೆ ಹತ್ತು ಗಂಟೆ ಬೇಕು. ಥ್ರೂಪುಟ್ ಜಾಸ್ತಿ, ಲೇಟೆನ್ಸಿಯೂ ಜಾಸ್ತಿ. ಎರಡೂ ಒಟ್ಟಿಗೆ ಇರಬಹುದು.

ಬೇರೆ ಕ್ಷೇತ್ರಗಳಲ್ಲಿ ಬಾಗಿಲು ಎಲ್ಲೆಲ್ಲೋ ಇರುತ್ತದೆ. ಬಂದರಿನಲ್ಲಿ 'ಕಂಟೇನರ್ ಥ್ರೂಪುಟ್' ಎಂದರೆ ಹಡಗಿನಿಂದ ಇಳಿಸಿದ್ದು, ಹಡಗಿಗೆ ಏರಿಸಿದ್ದು ಎರಡೂ ಸೇರಿದ ಲೆಕ್ಕ. 20 ಅಡಿ ಉದ್ದದ ಪೆಟ್ಟಿಗೆ ಅಲ್ಲಿನ ಅಳತೆ. ಒಂದು ಹಡಗಿನಿಂದ ಇಳಿದು ಇನ್ನೊಂದಕ್ಕೆ ಏರುವ ಪೆಟ್ಟಿಗೆ ಎರಡು ಸಲ ಎಣಿಕೆಗೆ ಬರುತ್ತದೆ. ಅಲ್ಲಿ 'ಉತ್ಪಾದನೆ' ಎಂದರೆ ನಗುತ್ತಾರೆ. ಬಂದರು ಏನನ್ನೂ ಉತ್ಪಾದಿಸುವುದಿಲ್ಲ. ತೈಲ ಶುದ್ಧೀಕರಣ ಘಟಕದಲ್ಲಿ ಇನ್ನೂ ವಿಚಿತ್ರ. 'ರಿಫೈನರಿ ಥ್ರೂಪುಟ್' ಎಂದರೆ ಅವರು ಎಣಿಸುವುದು ಒಳಗೆ ಹೋದ ಕಚ್ಚಾ ತೈಲವನ್ನು. ನಾನು ಮೇಲೆ 'ಮುಗಿದ ಕೆಲಸವನ್ನೇ ಎಣಿಸುವ ಪದ' ಎಂದೆನಲ್ಲ, ಇಲ್ಲಿ ಆ ಮಾತು ನಿಲ್ಲುವುದಿಲ್ಲ. ಔಷಧ ಹುಡುಕುವ ಪ್ರಯೋಗಾಲಯಗಳಲ್ಲಿ 'ಹೈ-ಥ್ರೂಪುಟ್ ಸ್ಕ್ರೀನಿಂಗ್' ಎನ್ನುತ್ತಾರೆ. ಅಂಗೈಯಗಲದ ತಟ್ಟೆಯಲ್ಲಿ 96 ಪುಟ್ಟ ಗುಳಿಗಳು, ಪ್ರತಿ ಗುಳಿಯಲ್ಲಿ ಒಂದು ಪರೀಕ್ಷೆ. ಅದೇ ಅಳತೆಯ ತಟ್ಟೆಯಲ್ಲಿ ಗುಳಿ 384 ಆಯಿತು, ಆಮೇಲೆ 1,536 ಆಯಿತು. ಒಂದೊಂದು ಪರೀಕ್ಷೆ ಬೇಗ ಮುಗಿಯಬೇಕೆಂದೇನೂ ಇಲ್ಲ, ಒಟ್ಟಿಗೆ ಬಹಳ ನಡೆದರೆ ಸಾಕು.

ದೂರದರ್ಶಕದವರಂತೂ ಗಡಿಯಾರವನ್ನೇ ಬಿಟ್ಟಿದ್ದಾರೆ. ಅವರಿಗೆ ಥ್ರೂಪುಟ್ ಎಂದರೆ ಹೊಕ್ಕ ಬೆಳಕಿನಲ್ಲಿ ಎಷ್ಟು ಪಾಲು ಕನ್ನಡಿ, ಮಸೂರ ಎಲ್ಲ ದಾಟಿ ಕೊನೆಗೆ ತಲುಪಿತು ಎಂಬುದು. ಶೇ 40 ಎಂದು ಬರೆದಿರುತ್ತದೆ, ಗಂಟೆಗೆ ಇಷ್ಟು ಎಂದು ಇರುವುದಿಲ್ಲ. ಇದು ಅಪವಾದ. ನಿಮ್ಮ ಕಾರ್ಖಾನೆಗೆ ಬೇಕಾಗಲಾರದು.

ಕಾರ್ಖಾನೆಗೆ ಬೇಕಾಗುವುದು ಇನ್ನೊಂದು ಅರ್ಥ, ಇದರಲ್ಲಿ ಎಚ್ಚರ ಇರಲಿ. ಇಸ್ರೇಲಿನ ಎಲಿಯಾಹು ಗೋಲ್ಡ್‌ರಾಟ್ 1980ರ ದಶಕದಲ್ಲಿ ಜನಪ್ರಿಯಗೊಳಿಸಿದ ನಿರ್ವಹಣೆಯ ವಿಚಾರಧಾರೆಯಲ್ಲಿ ಥ್ರೂಪುಟ್ ಎಂದರೆ ಹಣ. ಮಾರಾಟದಿಂದ ಸಂಸ್ಥೆ ಹಣ ಗಳಿಸುವ ದರ. 100ಕ್ಕೆ ಮಾರಿದ ವಸ್ತುವಿಗೆ 40ರ ಸಾಮಗ್ರಿ ಹಿಡಿದಿದ್ದರೆ ಥ್ರೂಪುಟ್ 60. ಗೋದಾಮಿನಲ್ಲಿ ಪೇರಿಸಿಟ್ಟ ಮಾಲು ಎಷ್ಟೇ ಇದ್ದರೂ ಲೆಕ್ಕಕ್ಕಿಲ್ಲ, ಮಾರಾಟವಾಗಬೇಕು. ವರದಿಯಲ್ಲಿ 'ಥ್ರೂಪುಟ್ ಅಕೌಂಟಿಂಗ್' ಎಂದು ಕಂಡರೆ, ಅಥವಾ ಥ್ರೂಪುಟ್ ಮುಂದೆ ಹಣದ ಗುರುತು ಕಂಡರೆ, ಅಲ್ಲಿ 'ಉತ್ಪಾದನೆ' ಹಾಕಿದರೆ ಅರ್ಥವೇ ತಲೆಕೆಳಗು.

ವ್ಯಾಕರಣದ ಮಾತು ಬೇಗ ಮುಗಿಸುತ್ತೇನೆ. ಇದು ನಾಮಪದ. ಇನ್‌ಪುಟ್, ಔಟ್‌ಪುಟ್‌ಗಳನ್ನು ಇಂಗ್ಲಿಷಿನವರು ಕ್ರಿಯಾಪದವಾಗಿಯೂ ಬಳಸುತ್ತಾರೆ. ಥ್ರೂಪುಟ್‌ಗೆ ಆ ಬಳಕೆ ರೂಢಿಯಲ್ಲಿಲ್ಲ. 'ವಿ ಥ್ರೂಪುಟ್ 500 ಬಾಕ್ಸಸ್' ಎಂದು ಬರೆದರೆ ಕಿವಿಗೆ ಹೊಡೆಯುತ್ತದೆ. 'ಪ್ರೊಸೆಸ್' ಅಥವಾ 'ಹ್ಯಾಂಡಲ್' ಸಾಕು. ಪದ ಹಿಂದುಮುಂದಾಗಿ 'ಪುಟ್ ಥ್ರೂ' ಆದರೆ ಅದು ಬೇರೆಯೇ ಮಾತು. ಫೋನ್ ಕರೆಯನ್ನು ಜೋಡಿಸಿಕೊಡುವುದಕ್ಕೆ ಹಾಗೆನ್ನುತ್ತಾರೆ. ಥ್ರೂಪುಟ್ ಹೈ ಆಗಿರುತ್ತದೆ, ಲೋ ಆಗಿರುತ್ತದೆ, ಫಾಸ್ಟ್ ಆಗಿರುವುದಿಲ್ಲ. 'ಥ್ರೂಪುಟ್ ಸ್ಪೀಡ್' ಎಂದು ಬರೆಯುವವರಿದ್ದಾರೆ, ನನಗೆ ಹಿಡಿಸುವುದಿಲ್ಲ. ದರ ಪದದೊಳಗೇ ಇದೆ. ಬಹುವಚನ ಅಪರೂಪ. ಹಲವು ಘಟಕಗಳನ್ನು ಹೋಲಿಸುವ ಪಟ್ಟಿಯಲ್ಲಿ 'ಥ್ರೂಪುಟ್ಸ್' ಕಂಡರೆ ತಪ್ಪೆನ್ನಬೇಡಿ. ಉಚ್ಚಾರದಲ್ಲಿ ಒತ್ತು 'ಥ್ರೂ' ಮೇಲೆ. 'ಪುಟ್' ನಮ್ಮ 'ಪುಟ್ಟ'ದ ಪುಟ್.

ಬರೆಯುವಾಗ ಒಂದೇ ಪದವಾಗಿ ಸೇರಿಸಿ ಬರೆಯಬೇಕು. ಅಮೆರಿಕದವರು ಅವಸರದಲ್ಲಿ ಟಿ-ಎಚ್-ಆರ್-ಯು ಹಾಕಿ ಮೊಟಕು ಮಾಡುವುದುಂಟು. ವರದಿಯಲ್ಲಿ ಅದು ಬೇಡ. ಇನ್ನೂ ದೊಡ್ಡ ಗುಂಡಿ ಬೇರೆ ಇದೆ, ನಾನು ಅದರಲ್ಲಿ ಬಿದ್ದಿದ್ದೇನೆ. ವರ್ಷಗಳ ಹಿಂದೆ ಒಂದು ಕಂಪನಿಗೆ ಯಂತ್ರದ ಕೈಪಿಡಿ ತಿದ್ದಿ ಕೊಟ್ಟೆ. ಅಚ್ಚಾಗಿ ಬಂದ ಮೇಲೆ ಮುಖಪುಟದಲ್ಲಿ 'ಹೈ ಥ್ರೂಔಟ್' ಎಂದಿತ್ತು. 'ಥ್ರೂಔಟ್' ಎಂದರೆ 'ಉದ್ದಕ್ಕೂ'. ಎರಡು ಪದಗಳಿಗೂ ಇಂಗ್ಲಿಷ್ ಕಾಗುಣಿತದಲ್ಲಿ ಒಂದೇ ಅಕ್ಷರದ ವ್ಯತ್ಯಾಸ, 'ಪಿ' ಇರುವಲ್ಲಿ 'ಒ'. ಕೀಬೋರ್ಡಿನಲ್ಲಿ ಆ ಎರಡೂ ಪಕ್ಕಪಕ್ಕ ಕೂತಿವೆ. ಎರಡೂ ಸರಿಯಾದ ಪದಗಳೇ ಆದ್ದರಿಂದ ಕಾಗುಣಿತ ನೋಡುವ ತಂತ್ರಾಂಶ ಕೆಂಪು ಗೆರೆ ಎಳೆಯಲಿಲ್ಲ. ಒಳಗಿನ 80 ಪುಟ ಸರಿಯಿತ್ತು. ಮುಖಪುಟ ಮಾತ್ರ ಯಾರೂ ಓದಿರಲಿಲ್ಲ, ನಾನೂ ಸೇರಿ. ಈಗ ಕೆಲಸ ಮುಗಿದ ಮೇಲೆ ಆ ಒಂದು ಪದವನ್ನು ಹುಡುಕಿ ನೋಡದೆ ಕಡತ ಕಳುಹಿಸುವುದಿಲ್ಲ.

ಇನ್ನು ಕನ್ನಡ. ಒಂದೇ ಪದ ಹುಡುಕುವ ಹಟ ಬಿಟ್ಟುಬಿಡಿ. 'ಸಾಮರ್ಥ್ಯ' ಎಂದು ಹಾಕುವವರಿದ್ದಾರೆ. 'ಮ್ಯಾಕ್ಸಿಮಮ್ ಥ್ರೂಪುಟ್' ಎಂದಿದ್ದಾಗ ಮಾತ್ರ ಅದು ಕೂರುತ್ತದೆ, ಉಳಿದ ಕಡೆ ಆಗಬಹುದಾದದ್ದನ್ನೂ ಆಗಿದ್ದನ್ನೂ ಕಲಸಿಬಿಡುತ್ತದೆ. ನೆಟ್‌ವರ್ಕಿನ ಪುಟದಲ್ಲಿ 'ಥ್ರೂಪುಟ್' ಎಂದೇ ಉಳಿಸಿ, ಮೊದಲ ಸಲ ಬಂದಾಗ 'ಸೆಕೆಂಡಿಗೆ ನಿಜವಾಗಿ ಸಾಗಿದ ಡೇಟಾ' ಎಂದು ಬಿಡಿಸಿ ಹೇಳಿ. ಓದುವವರೆಲ್ಲ ಆ ಪದ ದಿನಾ ಬಳಸುವವರೇ. ಬಂದರಿಗೆ 'ಸರಕು ನಿರ್ವಹಣೆ ಪ್ರಮಾಣ', ರಿಫೈನರಿಗೆ 'ಸಂಸ್ಕರಿಸಿದ ಕಚ್ಚಾ ತೈಲ', ಕೌಂಟರಿಗೆ 'ಗಂಟೆಗೆ ಕೆಲಸ ಮುಗಿಸಿ ಹೋದವರು'. ಉದ್ದವಾಯಿತು ಎನ್ನಬೇಡಿ. ಕನ್ನಡ ಈ ಅರ್ಥವನ್ನು ನಾಮಪದದಲ್ಲಿ ತುರುಕುವುದಕ್ಕಿಂತ ಕ್ರಿಯಾಪದದಲ್ಲಿ ಹೇಳುವುದು ಸಲೀಸು. 'ಎಷ್ಟು ಹಾದುಹೋಯಿತು', 'ಎಷ್ಟು ಹೊರಬಿತ್ತು', 'ಎಷ್ಟು ಮುಗಿಯಿತು'.

ನಿಮ್ಮ ವಾಕ್ಯಕ್ಕೆ ಬಂದರೆ, ಬರೆದವರಿಗೆ ಮೊದಲು ಒಂದು ಫೋನ್ ಮಾಡಿ. ಲೈನಿನ ಕೊನೆಯಲ್ಲಿ ಬಂದದ್ದೆಲ್ಲ ಲೆಕ್ಕವೋ, ಪರೀಕ್ಷೆಯಲ್ಲಿ ಪಾಸಾದದ್ದು ಮಾತ್ರವೋ? ಗಂಟೆಗೋ, ಪಾಳಿಗೋ? ಪಾಸಾದದ್ದು ಮಾತ್ರ, ಪಾಳಿಗೆ ಎಂದು ಅವರು ಹೇಳಿದರೆ ಹೀಗೆ ಬರೆಯಿರಿ: 'ಎರಡನೇ ಲೈನಿನಿಂದ ಪ್ರತಿ ಪಾಳಿಯಲ್ಲಿ ಪರೀಕ್ಷೆ ಮುಗಿಸಿ ಹೊರಬರುವ ಪೆಟ್ಟಿಗೆಗಳ ಸಂಖ್ಯೆಯನ್ನು ಶೇ 10ರಷ್ಟು ಹೆಚ್ಚಿಸಬೇಕು.'